ಕುರಿಜ್ವರದ ಜಾಡು ಹಿಡಿದು ಮಂಗೋಲಿಯಾಕ್ಕೆ

ಹೊರಡುವ ಮುನ್ನ

"ದನದ ಡಾಕ್ಟ್ರು ಫಾರಿನ್ನಿಗೆ ಓಗಿ ಏನ್ ಮಾಡ್ತಾರೆ?" ಎಂದು ಮರಳವಾಡಿಯ ಟೀ ಅಂಗಡಿಯಲ್ಲಿ ಒಬ್ಬರು ಕೇಳಿದರಂತೆ. "ಯಾಕೆ, ಅಲ್ಲಿ ದನ ಇರಾಕಿಲ್ವಾ?" ಎಂದರಂತೆ ಇನ್ನೊಬ್ಬರು. ಉತ್ತರ ಸರಿಯಾಗಿಯೇ ಇತ್ತು. ನಾನು ಹೊರಟಿದ್ದ ಮಂಗೋಲಿಯಾದಲ್ಲಿ ಮನುಷ್ಯರಿಗಿಂತ ಕುರಿ, ಮೇಕೆ, ಕುದುರೆಗಳೇ ಹೆಚ್ಚು.

ನಾನು ಪಶುವೈದ್ಯ. ಹುಟ್ಟಿದ್ದು ಮಾಗಡಿ ಕಡೆಯ ತಿಪ್ಪಸಂದ್ರದಲ್ಲಿ, ಕೆಲಸ ಮರಳವಾಡಿ ಹೋಬಳಿಯಲ್ಲಿ. ಕುರಿಗಳಿಂದ ಮನುಷ್ಯರಿಗೆ ಹಬ್ಬುವ ಒಂದು ಜ್ವರವಿದೆ. ಬ್ರುಸೆಲ್ಲೋಸಿಸ್ ಎಂದು ಪುಸ್ತಕದ ಹೆಸರು. ನಮ್ಮ ಕಡೆ ಅದಕ್ಕೊಂದು ಹೆಸರೇ ಇಲ್ಲ, ಆದ್ದರಿಂದ ನಾನು ಕುರಿಜ್ವರ ಎನ್ನುತ್ತೇನೆ. ಸಂಜೆಯಾದರೆ ಜ್ವರ, ಬೆಳಗಿನ ಹೊತ್ತಿಗೆ ಮೈಯೆಲ್ಲ ಬೆವರು, ನಾಲ್ಕು ದಿನ ಆರಾಮ, ಮತ್ತೆ ಜ್ವರ. ಟೈಫಾಯ್ಡ್ ಎಂದೋ ಸೊಂಟನೋವು ಎಂದೋ ಔಷಧಿ ಕೊಡಿಸಿಕೊಂಡು ತಿಂಗಳುಗಟ್ಟಲೆ ಅಲೆಯುತ್ತಾರೆ. ನಮ್ಮ ಹೋಬಳಿಯ ಕುರಿ ಸಾಕುವ ಮನೆಗಳಲ್ಲಿ ಇದು ಯಾವುದರಿಂದ ಹೆಚ್ಚಾಗಿ ಬರುತ್ತಿದೆ, ಹಸಿ ಹಾಲಿನಿಂದಲೋ, ಕುರಿ ಈಯಿಸುವ ಕೈಯಿಂದಲೋ, ಎಂದು ತಿಳಿಯುವ ಒಂದು ಅಧ್ಯಯನ ಮಾಡಬೇಕೆಂದು ತಾಲ್ಲೂಕಿನ ವೈದ್ಯರೊಬ್ಬರೂ ನಾನೂ ಸೇರಿ ಯೋಚಿಸಿದ್ದೆವು. ಅದನ್ನು ಹೇಗೆ ಮಾಡುವುದು ಎಂದು ಕಲಿಯಲು ನನಗೆ ಮಂಗೋಲಿಯಾದ ಒಂದು ತರಬೇತಿಯಲ್ಲಿ ಜಾಗ ಸಿಕ್ಕಿತ್ತು.

ಕಾಗದದ ಮೇಲೆ ಕಾರಣ ಇದು. ನಿಜವಾದ ಕಾರಣ ನನ್ನ ಅಕ್ಕ ಜಯಮ್ಮ. ಅವಳನ್ನು ಮರಳವಾಡಿಯ ಹತ್ತಿರದ ಹಟ್ಟಿಗೆ ಕೊಟ್ಟಿದ್ದರು. ಭಾವ ಸಿದ್ದಪ್ಪ ಕುರಿಯವರು, ಎದೆಗುಂದದ ಆಳು. ಮೂರು ವರ್ಷದ ಹಿಂದೆ ಇದೇ ಜ್ವರ ಅವರಿಗೆ ಬಂತು. ಗೊತ್ತಾಗುವಷ್ಟರಲ್ಲಿ ಹೃದಯದ ಕವಾಟಕ್ಕೆ ಹತ್ತಿತ್ತು. ಬೆಂಗಳೂರಿನ ದೊಡ್ಡಾಸ್ಪತ್ರೆಯೊಂದರಲ್ಲಿ ಹಾಸಿಗೆಯ ಪಕ್ಕ ನಿಂತು ಒಬ್ಬ ಡಾಕ್ಟರು, "ಇವರು ಹಸಿ ಹಾಲು ಕುಡೀತಿದ್ರಾ?" ಎಂದು ಕೇಳಿದರು. "ಊಂ ಸಾ, ನಾನೇ ಕೊಡ್ತಿದ್ದೆ" ಎಂದಳು ಅಕ್ಕ. ಅವರು ತಲೆಯಾಡಿಸಿ ಪಕ್ಕದ ಹಾಸಿಗೆಗೆ ಹೋದರು. ಭಾವ ಆ ಆಸ್ಪತ್ರೆಯಿಂದ ಜೀವಂತವಾಗಿ ಬರಲಿಲ್ಲ.

ನಮ್ಮ ಕಡೆ ಮೇಕೆಯ ನೊರೆಹಾಲೆಂದರೆ ಶಕ್ತಿ. ಕರೆದ ಬಿಸಿ ಆರುವ ಮುಂಚೆ ಕುಡಿಯಬೇಕು. ಭಾವನಿಗೆ ಜ್ವರ ಬಂದ ಮೇಲೆ, ಸೊರಗುತ್ತಿದ್ದಾರೆಂದು ಅಕ್ಕ ಒಂದು ಲೋಟವನ್ನು ಎರಡು ಮಾಡಿದ್ದಳು. ತಿಥಿ ಮುಗಿದ ಮೇಲೆ ಮೇಕೆಗಳನ್ನೆಲ್ಲ ಮಾರಿದಳು. ಅವಳ ಮನೆಯಲ್ಲಿ ಈಗ ಹಾಲೇ ಇಲ್ಲ. "ಕುರಿ ಈಯಿಸುವಾಗಲೂ ಬರುತ್ತಕ್ಕ, ಹಾಲೊಂದೇ ಅಲ್ಲ" ಎಂದು ನಾನು ಎಷ್ಟೋ ಸಲ ಹೇಳಿದೆ. "ನೀನು ತಮ್ಮ. ಇನ್ನೇನ್ ಅಂತೀಯ?" ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದಳು. ಈ ಪ್ರಯಾಣದ ಸುದ್ದಿ ಹೇಳಿದಾಗ ಮಾತ್ರ ಅವಳ ಮುಖದಲ್ಲಿ ಏನೋ ಕದಲಿತು. "ಅಂಗಾರೆ ಸರಿಯಾಗಿ ಕಲ್ತ್ಕೊಂಡ್ ಬಾ. ನಿಮ್ ಬಾವ ನನ್ ಕೈಯಿಂದ್ಲೇ ಓದ್ರಾ ಇಲ್ವಾ ಅಂತ ನಂಗೆ ಗೊತ್ತಾಗ್ಬೇಕು" ಎಂದಳು.

ಉಲಾನ್‌ಬಾತರ್

ಅಕ್ಕ ಕಟ್ಟಿಕೊಟ್ಟ ಚಟ್ನಿಪುಡಿ ಪೊಟ್ಟಣ ವಿಮಾನದಲ್ಲಿ ಒಡೆದುಹೋಗಿತ್ತು. ಪೆಟ್ಟಿಗೆ ತೆಗೆದರೆ ಅಂಗಿ, ಬನಿಯನ್, ಸ್ವೆಟರ್ ಎಲ್ಲ ಕೆಂಪು. ಎಷ್ಟು ಕೊಡವಿದರೂ ಹೋಗಲಿಲ್ಲ. ಮೊದಲ ದಿನ ತರಗತಿಯಲ್ಲಿ ನನ್ನ ಎಡಬಲಕ್ಕೆ ಕೂತವರು ಒಬ್ಬರಾದ ಮೇಲೊಬ್ಬರು ಸೀನಿದರು. ಯಾವ ಸೋಂಕು ಹೇಗೆ ಹರಡುತ್ತದೆಂದು ಪತ್ತೆ ಮಾಡಲು ಬಂದ ಜನರ ನಡುವೆ ನಾನೇ ಒಂದು ಸೋಂಕಾಗಿ ಕೂತಿದ್ದೆ.

ಊರು ಬೋಳು ಗುಡ್ಡಗಳ ನಡುವೆ ಇದೆ. ಗುಡ್ಡವೆಂದರೆ ರಾಮನಗರದ ಹಾಗೆ ಬಂಡೆಯ ಮೇಲೆ ಬಂಡೆ ಇರಬೇಕು ಎಂದುಕೊಂಡ ಕಣ್ಣಿಗೆ ಅವು ಯಾರೋ ಸವರಿಟ್ಟಂತೆ ಕಂಡವು. ವಸಂತಕಾಲ ಎಂದಿದ್ದರು. ಬೆಳಿಗ್ಗೆ ಹಿಮ, ಮಧ್ಯಾಹ್ನ ದೂಳು, ಸಂಜೆ ಕಲ್ಲಿದ್ದಲ ಹೊಗೆ. ಊಟಕ್ಕೆ ಕುರಿಮಾಂಸ ಎಂದು ಕೇಳಿ ಬಾಯಲ್ಲಿ ನೀರೂರಿತ್ತು. ಬಂದದ್ದು ಉಪ್ಪು ನೀರಿನಲ್ಲಿ ಬೆಂದ ಮಾಂಸ. ಮೆಣಸಿಲ್ಲ, ಧನಿಯಾ ಇಲ್ಲ, ತೆಂಗಿನಕಾಯಿಯ ಮಾತೇ ಬೇಡ. ಆಗ ಸ್ವೆಟರಿನ ತೋಳಿಗಂಟಿದ ಚಟ್ನಿಪುಡಿಯ ಮೇಲೆ ಕಣ್ಣು ಹೋದದ್ದು ನಿಜ.

ನಮಗೆ ಪಾಠ ಹೇಳಿದವರು ಒಯುನಾ ಎಂಬ ಹೆಂಗಸು. ನನ್ನ ಅಕ್ಕನ ವಯಸ್ಸು, ಗಟ್ಟಿ ಧ್ವನಿ, ಅರ್ಧ ನಗುವ ಮುಖ. ಇಂಗ್ಲಿಷನ್ನು ನನ್ನ ಹಾಗೆಯೇ ತಡವರಿಸಿ ಮಾತಾಡುತ್ತಿದ್ದುದರಿಂದ ನಮ್ಮಿಬ್ಬರಿಗೆ ಚೆನ್ನಾಗಿ ಹೊಂದಿತು. ಒಂದು ಕಾಯಿಲೆ ಯಾವುದರಿಂದ ಬರುತ್ತದೆಂದು ಹುಡುಕಲು ಮುಖ್ಯವಾಗಿ ಎರಡು ದಾರಿ ಎಂದು ಅವರು ಶುರುಮಾಡಿದರು. ಮೊದಲನೆಯದು, ಕಾಯಿಲೆ ಬಂದವರನ್ನೂ ಬರದವರನ್ನೂ ಹುಡುಕಿ ಹಿಂದೆ ಏನೇನು ಮಾಡಿದಿರಿ ಎಂದು ಕೇಳುವುದು. ಅದು ಕೇಸ್-ಕಂಟ್ರೋಲ್. ಎರಡನೆಯದು, ಆರೋಗ್ಯವಾಗಿರುವ ಜನರನ್ನು ಆರಿಸಿ, ಯಾರು ಹಸಿ ಹಾಲು ಕುಡಿಯುತ್ತಾರೆ, ಯಾರು ಇಲ್ಲ ಎಂದು ಗುರುತು ಹಾಕಿಕೊಂಡು, ಮುಂದೆ ಯಾರಿಗೆ ಕಾಯಿಲೆ ಬರುತ್ತದೆ ಎಂದು ಕಾಯುವುದು. ಅದು ಕೋಹಾರ್ಟ್.

ನನ್ನ ಮನಸ್ಸು ತಕ್ಷಣ ಎರಡನೆಯದಕ್ಕೆ ಒಲಿಯಿತು. ಅದರಲ್ಲಿ ಯಾರ ಹಾಸಿಗೆಯ ಪಕ್ಕವೂ ನಿಂತು ಏನು ಕೊಟ್ಟೆ ಎಂದು ಕೇಳಬೇಕಾಗಿಲ್ಲ. ಕಾಯಿಲೆ ಇನ್ನೂ ಬಂದೇ ಇರುವುದಿಲ್ಲ, ಅಳುವವರು ಯಾರೂ ಇರುವುದಿಲ್ಲ. ಎದ್ದು ನಿಂತು ಹಾಗೇ ಹೇಳಿದೆ.

"ಎಷ್ಟು ವರ್ಷ ಕಾಯುತ್ತೀರಿ?" ಎಂದು ಒಯುನಾ ಕೇಳಿದರು. "ಈ ಜ್ವರ ನೆಗಡಿಯ ಹಾಗೆ ಮನೆಮನೆಗೂ ಬರುವುದಿಲ್ಲ. ಸಾವಿರಾರು ಜನರನ್ನು ವರ್ಷಗಟ್ಟಲೆ ಹಿಂಬಾಲಿಸಬೇಕು. ಅಷ್ಟು ದಿನ ಅವರು ಹಸಿ ಹಾಲು ಕುಡಿಯುವುದನ್ನು ನೀವು ನೋಡುತ್ತಾ ಕೂರುತ್ತೀರಾ? ಕುದಿಸಿ ಕುಡಿಯಿರಿ ಎನ್ನುವುದಿಲ್ಲವೇ?"

ಅನ್ನದೆ ಇರಲಾರೆ. ಕೂತೆ.

ಸರಿ, ಮೊದಲನೆಯ ದಾರಿ. ಕಾಯಿಲೆ ಬಂದವರನ್ನು ಯಾರ ಜೊತೆ ಹೋಲಿಸುತ್ತೀರಿ ಎಂದು ಮುಂದಿನ ಪ್ರಶ್ನೆ. ನೆರೆಮನೆಯವರ ಜೊತೆ ಎಂದೆ. ಅದೇ ಹಟ್ಟಿ, ಅದೇ ನೀರು, ಅದೇ ಅಂತಸ್ತು. ಇದಕ್ಕಿಂತ ಸರಿಯಾದ ಜೋಡಿ ಸಿಗದು ಎಂದು ನನಗೆ ಸ್ವಲ್ಪ ಜಂಬವೂ ಇತ್ತು.

"ನಿಮ್ಮ ಊರಿನಲ್ಲಿ ಕುರಿ ಈಯುವ ಕಾಲಕ್ಕೆ ಮನೆಯವರೇ ನೋಡಿಕೊಳ್ಳುತ್ತಾರಾ?" ಎಂದರು.

ಇಲ್ಲ. ನಮ್ಮಲ್ಲಿ ಮುಯ್ಯಾಳು. ಇವತ್ತು ನಿನ್ನ ಮಂದೆಗೆ ನಾನು, ನಾಳೆ ನನ್ನ ಮಂದೆಗೆ ನೀನು. ಒಂದು ಕುರಿ ಕಷ್ಟಪಟ್ಟರೆ ಇಡೀ ಹಟ್ಟಿ ಕೈ ಹಾಕುತ್ತದೆ. ಹಾಲು ಕಡಿಮೆಯಾದ ಮನೆಗೆ ಪಕ್ಕದ ಮನೆಯ ಚೊಂಬು ಹೋಗುತ್ತದೆ. ಹೇಳುತ್ತಾ ಹೇಳುತ್ತಾ ನನ್ನ ಧ್ವನಿ ತಾನೇ ಇಳಿಯಿತು. ಹಟ್ಟಿಯಲ್ಲಿ ಎಲ್ಲರೂ ಅದೇ ಹಾಲು ಕುಡಿದು ಅದೇ ಕುರಿ ಮುಟ್ಟಿದ್ದರೆ, ಬಂದವರಿಗೂ ಬರದವರಿಗೂ ವ್ಯತ್ಯಾಸವೇ ಕಾಣುವುದಿಲ್ಲ. ಹಾಲೂ ನಿರಪರಾಧಿ, ಕೈಯೂ ನಿರಪರಾಧಿ ಎಂದು ಬರೆದುಕೊಂಡು ಬರುತ್ತಿದ್ದೆ. ಹೋಲಿಕೆಗೆ ಜನರನ್ನು ಹಟ್ಟಿಯಿಂದಲ್ಲ, ಇಡೀ ಹೋಬಳಿಯಿಂದ ಆರಿಸಬೇಕೆಂದು ಆವತ್ತು ಕಲಿತೆ. ಮುಯ್ಯಿ ಎಂಬ ಮಾತಿಗೆ ಇಂಗ್ಲಿಷಿನಲ್ಲಿ ಏನು ಹೇಳುವುದೆಂದು ನನಗೆ ಹೊಳೆಯಲಿಲ್ಲ. ಒಯುನಾಗೆ ಹೇಳದೆಯೇ ಅರ್ಥವಾಗಿತ್ತು, ಅವರಲ್ಲೂ ಅದೇ ಪದ್ಧತಿಯಂತೆ.

ಹುಲ್ಲುಗಾವಲು

ವಾರದ ಕೊನೆಗೆ ನಮ್ಮನ್ನು ಕುರಿಗಾಹಿಗಳ ಬೀಡಿಗೆ ಕರೆದೊಯ್ದರು. ಬೆಳಗಿನಿಂದ ಮಧ್ಯಾಹ್ನದವರೆಗೂ ಜೀಪು ಓಡಿತು, ಒಂದು ಮರ ಕಾಣಲಿಲ್ಲ. ಅವರ ಮನೆಗೆ ಗೆರ್ ಎನ್ನುತ್ತಾರೆ. ದುಂಡನೆಯ ಗುಡಾರ, ಮೇಲೆ ದಪ್ಪ ಉಣ್ಣೆಯ ಹೊದಿಕೆ. ನಮ್ಮ ಕುರಿಯವರು ಕಂಬಳಿ ಹೊದೆಯುತ್ತಾರೆ, ಇವರ ಮನೆಯೇ ಕಂಬಳಿ ಹೊದೆದಿತ್ತು. ಹೊಸ್ತಿಲು ತುಳಿಯಬಾರದು ಎಂದು ಒಯುನಾ ಎಚ್ಚರಿಸಿದರು. ಅದನ್ನು ನನಗೆ ಹೇಳಿಕೊಡಬೇಕೇ ಎಂದು ಗತ್ತಿನಿಂದ ಕಾಲೆತ್ತಿ ದಾಟಿದೆ. ಬಾಗಿಲು ಕುಳ್ಳು ಎಂಬುದನ್ನು ಮರೆತಿದ್ದೆ. ಹಣೆಗೆ ಬಿದ್ದ ಪೆಟ್ಟಿನ ಸದ್ದಿಗೆ ಒಳಗಿದ್ದವರೆಲ್ಲ ನಕ್ಕರು.

ಮನೆಯೊಡತಿ ದುಲ್ಮಾ ನಗುತ್ತಲೇ ಒಲೆಯ ಮುಂದೆ ಟೀ ಕಾಯಿಸುತ್ತಿದ್ದಳು. ಹಾಲನ್ನು ಸೌಟಿನಲ್ಲಿ ಎತ್ತಿ ಎತ್ತಿ ಸುರಿಯುತ್ತಾಳೆ, ಮತ್ತೆ ಕುದಿಸುತ್ತಾಳೆ, ಮತ್ತೆ ಎತ್ತುತ್ತಾಳೆ. ಬಾಯಿಗಿಟ್ಟರೆ ಉಪ್ಪು. ಅದಲ್ಲ ನನ್ನನ್ನು ಕಲಕಿದ್ದು. ಈ ಜನ ಹಾಲನ್ನು ಇಷ್ಟು ಹೊತ್ತು ಕುದಿಸುತ್ತಾರಲ್ಲ, ನಮ್ಮಲ್ಲೂ ಇದೊಂದು ಅಭ್ಯಾಸ ಇದ್ದಿದ್ದರೆ ಎಂದು ಯೋಚನೆ ಬಂತು. ಬಟ್ಟಲನ್ನು ಕೆಳಗಿಟ್ಟೆ. ಟೀ ಚೆನ್ನಾಗಿಲ್ಲವೇನೋ ಎಂದು ದುಲ್ಮಾ ನನ್ನ ಬಟ್ಟಲನ್ನೇ ನೋಡಿದಳು. ಒಂದೇ ಗುಟುಕಿಗೆ ಕುಡಿದು ಮುಗಿಸಿದೆ.

ದುಲ್ಮಾಗೆ ಕುರಿಜ್ವರ ಬಂದು ಹೋಗಿತ್ತು. ಔಷಧಿಯಿಂದ ಜ್ವರ ಬಿಟ್ಟರೂ ಸೊಂಟ ಬಿಟ್ಟಿರಲಿಲ್ಲ, ಏಳುವಾಗ ನೆಲಕ್ಕೆ ಕೈಯೂರುತ್ತಿದ್ದಳು. ಒಯುನಾ ಅವಳನ್ನು ಕೇಳುವುದನ್ನು ನಾವು ಕೂತು ನೋಡಬೇಕಿತ್ತು, ಉತ್ತರಗಳನ್ನು ಅವರೇ ನಮಗೆ ಇಂಗ್ಲಿಷಿಗೆ ತಿರುಗಿಸುತ್ತಿದ್ದರು. ಗರ್ಭ ಇಳಿದ ಕುರಿಯನ್ನು ಮುಟ್ಟಿದ್ದಿರಾ ಎಂಬ ಪ್ರಶ್ನೆಗೆ ದುಲ್ಮಾ ಬಹಳ ಹೊತ್ತು ಮಾತಾಡಿದಳು. ಕಪ್ಪು ಮೂತಿಯ ಕುರಿ, ಗಾಳಿ ಜೋರಾಗಿದ್ದ ದಿನ, ಸತ್ತ ಮರಿಯನ್ನು ಎತ್ತಿ ಎಲ್ಲಿಟ್ಟೆ, ಆಮೇಲೆ ಅದೇ ಕೈಯಲ್ಲಿ ಹಿಟ್ಟು ಕಲಸಿದೆನೇ ಇಲ್ಲವೇ, ಎಲ್ಲ. ಕಾಯಿಲೆ ಮಲಗಿದ್ದ ತಿಂಗಳುಗಳಲ್ಲಿ ಅವಳು ಇದನ್ನೇ ಮತ್ತೆ ಮತ್ತೆ ತಿರುವಿಹಾಕಿದ್ದಳೆಂದು ಭಾಷೆ ಬರದಿದ್ದರೂ ತಿಳಿಯುತ್ತಿತ್ತು.

ಆಮೇಲೆ ಪಕ್ಕದ ಗುಡಾರದ ನಾರಾಳನ್ನು ಕೇಳಿದರು. ಗಟ್ಟಿಮುಟ್ಟಾದ ಹೆಂಗಸು, ಕಾಯಿಲೆ ಏನೂ ಇಲ್ಲ. ಸತ್ತ ಮರಿ ಮುಟ್ಟಿದ್ದೀಯಾ? ಇಲ್ಲ. ಈದ ಮೇಲೆ ಬೀಳುವ ಮಾಸು ಎತ್ತಿದ್ದೀಯಾ? ಇಲ್ಲ. ಎಲ್ಲಕ್ಕೂ ಇಲ್ಲ, ಎರಡೇ ನಿಮಿಷಕ್ಕೆ ಮುಗಿಯಿತು.

ನಾವಿನ್ನೂ ಹೊರಡಲು ಏಳುತ್ತಿದ್ದೆವು, ಹೊರಗೆ ಯಾರೋ ಕೂಗಿದರು. ಕುರಿಯೊಂದು ಈಯಲಾರದೆ ಬಿದ್ದಿತ್ತು. ನಾರಾ ತೋಳು ಮೇಲಕ್ಕೆ ಮಡಚಿ ಬರಿಗೈಯನ್ನೇ ಒಳಗೆ ಹಾಕಿ ಮರಿಯನ್ನು ಎಳೆದಳು. ಮರಿ ಸತ್ತಿತ್ತು. ಅದನ್ನು ಪಕ್ಕಕ್ಕೆ ಹಾಕಿ, ಹಿಂದೆಯೇ ಬಂದ ಮಾಸನ್ನೂ ಕೈಯಲ್ಲೇ ಹಿಡಿದೆತ್ತಿ ನಾಯಿಗೆ ಸಿಗದ ಹಾಗೆ ದೂರ ಒಯ್ದಳು. ನಾನು ಓಡಿಹೋಗಿ ನನ್ನ ಚೀಲದ ಸೋಪು ತೆಗೆದು ಅವಳ ಕೈಗೆ ನೀರು ಹಾಕಿದೆ, ಉಳಿದಿದ್ದ ರಬ್ಬರ್ ಕೈಗವಸುಗಳನ್ನೆಲ್ಲ ಅವಳ ಮಡಿಲಿಗೆ ತುಂಬಿದೆ. "ಈಗತಾನೇ ಮುಟ್ಟಿಲ್ಲ ಎಂದಿರಲ್ಲ?" ಎಂದು ಒಯುನಾ ನಿಧಾನವಾಗಿ ಕೇಳಿದರು.

ನಾರಾ ಸುಳ್ಳು ಹೇಳುವವಳಲ್ಲ. ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಇದಾ? ಇದು ಕೆಲಸ ಅಲ್ಲವಾ?" ಎಂದಳು.

ಒಯುನಾ ನಮ್ಮ ಕಡೆ ತಿರುಗಿದರು. "ಇಬ್ಬರೂ ಮಾಡಿದ್ದು ಒಂದೇ. ಕಾಯಿಲೆ ಬಂದವಳಿಗೆ ನೆನಪಿದೆ, ಬರದವಳಿಗೆ ಇಲ್ಲ. ಹೀಗೆ ಕೇಳಿಕೊಂಡು ಹೋದರೆ ನಿಮಗೆ ಸಿಗುವುದು ಕಾಯಿಲೆಯ ಕಾರಣ ಅಲ್ಲ, ದುಃಖದ ಅಳತೆ" ಎಂದರು. ಅದಕ್ಕಾಗಿಯೇ ಹಳೆಯ ರೋಗಿಗಳು ಬೇಡ, ತೀರಿಹೋದವರ ಮನೆಯವರಂತೂ ಬೇಡವೇ ಬೇಡ, ಹೊಸದಾಗಿ ಕಾಯಿಲೆ ಗೊತ್ತಾದವರನ್ನು ತಕ್ಷಣವೇ ಕೇಳಿ, ಎಲ್ಲರಿಗೂ ಎಲ್ಲ ಪ್ರಶ್ನೆಗಳನ್ನೂ ಒಂದೇ ರೀತಿ ಕೇಳಿ ಎಂದು ವಿವರಿಸಿದರು.

ಎಲ್ಲರೂ ತಲೆದೂಗಿದರು. ನಾನು ಗುಡಾರದ ಹಿಂದೆ ಹೋಗಿ ಅತ್ತೆ. ಮೂರು ವರ್ಷದಿಂದ ನನ್ನ ಅಕ್ಕ ಒಂದೊಂದು ಲೋಟವನ್ನೂ ನೆನಪಿಟ್ಟುಕೊಂಡು ಕೂತಿದ್ದಾಳೆ. ಅವಳ ಪಕ್ಕದ ಮನೆಯ ಗೌರಮ್ಮನೂ ಗಂಡನಿಗೆ ಅಷ್ಟೇ ಲೋಟ ಕೊಟ್ಟಿದ್ದಾಳೆ, ಒಂದೂ ನೆನಪಿಲ್ಲ. ಇದನ್ನು ಹೋಗಿ ಹೇಳಿದರೆ ಸಾಕು, ಅಕ್ಕನ ಭಾರ ಇಳಿಯುತ್ತದೆ ಎಂದು ಗಾಳಿಗೆ ಮುಖವೊಡ್ಡಿ ನಿಂತಿದ್ದೆ.

ಅಷ್ಟು ಹೊತ್ತಿಗೆ ದುಲ್ಮಾ ತಬ್ಬಲಿ ಮರಿಯೊಂದನ್ನು ತಂದು ಮರಿ ಕಳೆದುಕೊಂಡ ಆ ಕುರಿಯ ಕೆಚ್ಚಲಿಗೆ ಹಿಡಿದಳು. ಕುರಿ ಒದೆಯಿತು. ನಮ್ಮಲ್ಲಾದರೆ ಕಾಲು ಕಟ್ಟಿ ಕುಡಿಸುತ್ತಾರೆ. ದುಲ್ಮಾ ನೋವಿನ ಸೊಂಟವನ್ನು ಹಿಡಿದುಕೊಂಡೇ ಪಕ್ಕದಲ್ಲಿ ಕೂತು ಕುರಿಯನ್ನು ಒಲಿಸಲು ಹಾಡತೊಡಗಿದಳು. ಹಾಡೆಂದರೆ ಎರಡೇ ಶಬ್ದ, ಅದನ್ನೇ ಎಳೆದೆಳೆದು, ಬೇಸರವಿಲ್ಲದೆ. ನಾವು ಹೊರಡುವ ಹೊತ್ತಿಗೂ ಕುರಿ ಒಪ್ಪಿರಲಿಲ್ಲ, ಅವಳು ನಿಲ್ಲಿಸಿಯೂ ಇರಲಿಲ್ಲ.

ಮರಳವಾಡಿ

ಊರಿಗೆ ಬಂದ ಮರುದಿನವೇ ಅಕ್ಕನ ಮನೆಗೆ ಹೋದೆ. ಜಗಲಿಯ ಮೇಲೆ ಕೂತು ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದಳು. ತಂದಿದ್ದ ಉಣ್ಣೆಯ ಶಾಲನ್ನು ತೊಡೆಯ ಮೇಲಿಟ್ಟರೆ ಮುಟ್ಟಿಯೂ ನೋಡಲಿಲ್ಲ.

"ಕಲ್ತ್ ಬಂದೇನ್ಲಾ?"

ಬಂದೆ ಎಂದೆ. ಅಧ್ಯಯನ ಹೇಗೆ ಮಾಡುತ್ತೇವೆಂದು ಹೇಳಿದೆ. ಇನ್ನು ಮುಂದೆ ಕುರಿಜ್ವರ ಎಂದು ಗೊತ್ತಾಗುವ ಪ್ರತಿಯೊಬ್ಬರನ್ನೂ ಆಗಲೇ ಹೋಗಿ ಕೇಳುತ್ತೇವೆ, ಜ್ವರ ಬರದ ಜನರನ್ನು ಹೋಬಳಿಯೆಲ್ಲ ಹುಡುಕಿ ಅದನ್ನೇ ಕೇಳುತ್ತೇವೆ, ಹೋಲಿಸುತ್ತೇವೆ. ಅಕ್ಕ ಕಿವಿಗೊಟ್ಟು ಕೇಳಿದಳು.

"ಇನ್ ಮುಂದೆ ಬೀಳೋರ್ನ."

"ಹೌದಕ್ಕ."

"ಅಂಗಾರೆ ನಿಮ್ ಬಾವ ಲೆಕ್ಕುಕ್ಕೇ ಬರಾಕಿಲ್ವಾ?"

ಬರುವುದಿಲ್ಲ ಎಂದೆ. ಯಾರಿಗಾಗಿ ಅಷ್ಟು ದೂರ ಹೋಗಿದ್ದೆನೋ ಅವಳನ್ನೇ ಹೊರಗಿಡುವ ದಾರಿಯನ್ನು ಸರಿಯಾದ ದಾರಿ ಎಂದು ಕಲಿತು ಬಂದಿದ್ದೆ. ಅದು ಸರಿಯಾದ ದಾರಿಯೇ. ನನಗೆ ನಾಚಿಕೆಯಾಯಿತು, ದುಃಖವೂ ಆಯಿತು. ಮಾತು ತಿರುಗಿಸಲು ನಾರಾಳ ಕತೆ ಹೇಳಿದೆ. ಗೌರಮ್ಮನೂ ಅಷ್ಟೇ ಹಾಲು ಕೊಟ್ಟಿದ್ದಾಳೆ, ಅವಳು ಮರೆತಿದ್ದಾಳೆ, ನೀನು ಮರೆತಿಲ್ಲ, ವ್ಯತ್ಯಾಸ ಅಷ್ಟೇ ಅಕ್ಕ ಎಂದೆ.

"ಅವ್ಳ್ ಮರೀಲಿ ಬುಡು. ಅವ್ಳ್ ಗಂಡ ಕಣ್ಮುಂದೆ ಅವ್ನೆ" ಎಂದಳು.

ಹುಲ್ಲುಗಾವಲಿನಿಂದ ಹೊತ್ತು ತಂದ ನನ್ನ ಸಮಾಧಾನ ಅಲ್ಲಿಗೆ ಮುಗಿಯಿತು. ಅಕ್ಕ ಕೊಡತಿ ಎತ್ತಿ ಮತ್ತೆರಡು ಹಣ್ಣು ಕುಟ್ಟಿದಳು.

"ಅವರ್ನೆಲ್ಲ ಏನೇನ್ ಕೇಳ್ತೀಯ? ನನ್ನೂ ಕೇಳು."

"ಅಕ್ಕ, ಅದು..."

"ಲೆಕ್ಕುಕ್ ಬ್ಯಾಡ ಕಣ್ಲಾ. ಸುಮ್ಕೆ ಕೇಳು. ಆವತ್ತು ಆ ಡಾಕ್ಟ್ರು ಒಂದ್ ಮಾತ್ ಕೇಳ್ಬುಟ್ಟು ಒಂಟೋದ್ರು. ಆಮ್ಯಾಕೆ ಎಲ್ರೂ ಏಳೋರೇ ಆದ್ರಿ. ಕೇಳೋರ್ ಯಾರೂ ಬರ್ನಿಲ್ಲ."

ಪ್ರಶ್ನೆಗಳು ನನಗೆ ಬಾಯಿಪಾಠವಾಗಿದ್ದವು. ಯಾರಿಗಾದರೂ ಕೇಳುವ ಹಾಗೆಯೇ, ಸ್ವರ ಏರಿಸದೆ ಇಳಿಸದೆ ಕೇಳಿದೆ. ಭಾವ ಹಸಿ ಹಾಲು ಕುಡಿಯುತ್ತಿದ್ದರಾ?

"ಕುಡೀತಿದ್ರು. ನಾನೇ ಕೊಡ್ತಿದ್ದೆ. ಜ್ವರ ಬಂದ್ ಮ್ಯಾಲೆ ಜಾಸ್ತಿ ಕೊಟ್ಟೆ."

ಕುರಿ ದಿನ ತುಂಬದೆ ಕಂದು ಹಾಕಿದಾಗ ಸತ್ತ ಮರಿಯನ್ನು ಯಾರು ಎತ್ತುತ್ತಿದ್ದರು?

"ಅವರೇಯ. ನನ್ ಕೈಲಿ ಮುಟ್ಟುಸ್ತಿರ್ನಿಲ್ಲ."

ಬರಿಗೈಯಲ್ಲಿ?

"ಇನ್ನೇನ್ ಕಾಲಲ್ಲಾ?"

ಕೈಯಲ್ಲಿ ಗಾಯ ಏನಾದರೂ ಇರುತ್ತಿತ್ತಾ?

"ಬೇಲಿ ಮುಳ್ಳು ತರಚ್ದೇ ಇರೋ ದಿನ ಯಾವುದಿತ್ತು?" ಎಂದವಳ ಕೈ ನಿಂತಿತು. "ಆ ವರ್ಷ ಸ್ಯಾನೆ ಕುರಿ ಕಂದಾಕಿದ್ವು. ಜ್ವರ ಬರೋಕ್ ಒಸಿ ದಿನ ಮುಂಚೆ. ಬೆರಳು ಸೀಳ್ಕೊಂಡಿತ್ತು, ಬಟ್ಟೆ ಕಟ್ಕಳಿ ಅಂದೆ. ಕುರಿಗ್ ಕೈ ಆಕೋನ್ಗೆ ಬಟ್ಟೆ ಎಲ್ ನಿಲ್ತದೆ ಅಂದ್ರು."

ಹಟ್ಟಿಯ ಆ ತುದಿಯಿಂದ ಯಾರದೋ ಕುರಿಗಳ ಸದ್ದು ಕೇಳುತ್ತಿತ್ತು.

"ಇದ್ನ ನೀನು ಏಳ್ತಿದ್ದೆ. ಸಮಾಧಾನುಕ್ ಏಳ್ತಾನೆ ಅಂದ್ಕಂಡಿದ್ದೆ." ಕೊಡತಿಯನ್ನು ಪಕ್ಕಕ್ಕಿಟ್ಟು ಕೇಳಿದಳು, "ಎರಡ್ರಾಗೆ ಯಾವುದು?"

"ಗೊತ್ತಿಲ್ಲಕ್ಕ."

"ನಿನ್ನ ಲೆಕ್ಕ ಎಲ್ಲ ಮುಗುದ್ ಮ್ಯಾಲೆ?"

"ಊರಿಗೆ ಯಾವುದು ಹೆಚ್ಚು ಅಂತ ಗೊತ್ತಾಗುತ್ತೆ. ಭಾವನಿಗೆ ಯಾವುದು ಅಂತ ಯಾವತ್ತೂ ಗೊತ್ತಾಗಲ್ಲ."

ಅಕ್ಕ ನನ್ನನ್ನೇ ನೋಡಿದಳು.

"ಇಷ್ಟ್ ದಿನ ನಂಗೆ ಗೊತ್ತು ಅಂದ್ಕಂಡೇ ಬದುಕಿದ್ದೆ ಕಣ್ಲಾ" ಎಂದಳು.

ಆಮೇಲೆ ಅಳು ಬಂತು. ಕೈಯೆಲ್ಲ ಹುಣಸೆಹಣ್ಣು ಮೆತ್ತಿದ್ದರಿಂದ ಮೊಣಕೈ ಮಡಿಕೆಯಲ್ಲಿ ಕಣ್ಣೊರೆಸಿಕೊಳ್ಳುತ್ತಾ ಅತ್ತಳು. ನಾನು ಅವಳನ್ನು ತಡೆಯಲಿಲ್ಲ. ಅಳು ಒಂದು ಹದಕ್ಕೆ ಬಂದ ಮೇಲೆ, "ಇನ್ನೂ ಐತೇನ್ಲಾ ಕೇಳೋದು?" ಎಂದಳು.

ಇತ್ತು. ಕೇಳಿದೆ.